ಎತ್ತರ ಸರಿಯಿದ್ದರೂ ಉಪಗ್ರಹದ ಗುರಿ ಪೂರ್ಣವಾಗುತ್ತಿಲ್ಲ, ಏಕೆ?

ಪ್ರಶ್ನೆ (ಹಾಸನ): ಕೆರ್ಬಲ್ ಸ್ಪೇಸ್ ಪ್ರೋಗ್ರಾಂ ಎಂಬ ಕಂಪ್ಯೂಟರ್ ಆಟದಲ್ಲಿ ಉಪಗ್ರಹವನ್ನು ನಿಗದಿತ ಕಕ್ಷೆಗೆ ಸೇರಿಸುವ ಕೆಲಸ ಹಿಡಿದಿದ್ದೇನೆ. ಕಕ್ಷೆಯ ಅತಿ ದೂರದ ಹಾಗೂ ಅತಿ ಸಮೀಪದ ಬಿಂದುಗಳೆರಡೂ ಹೇಳಿದ ಎತ್ತರದಲ್ಲೇ ಇದ್ದರೂ ಷರತ್ತಿನ ಮುಂದೆ ಸರಿ ಗುರುತು ಬೀಳುತ್ತಿಲ್ಲ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ (ಸಕಲೇಶಪುರ): ಎತ್ತರವೊಂದೇ ಸಾಲದು, ಕಕ್ಷೆಯ ಓರೆಯೂ ಸುತ್ತುವ ದಿಕ್ಕೂ ಹೊಂದಬೇಕು. ನಕ್ಷೆಯಲ್ಲಿ ಗುರಿಕಕ್ಷೆಯ ಗೆರೆಯ ಮೇಲೆ ಚಲಿಸುವ ಚುಕ್ಕೆಗಳನ್ನು ಗಮನಿಸಿ: ನಿಮ್ಮ ನೌಕೆ ಅವುಗಳ ಎದುರು ದಿಕ್ಕಿಗೆ ಸಾಗುತ್ತಿದ್ದರೆ, ಎತ್ತರ ಎಷ್ಟೇ ನಿಖರವಾಗಿದ್ದರೂ ಆಟ ಅದನ್ನು ಒಪ್ಪುವುದಿಲ್ಲ.

ಉತ್ತರ (ಹಾಸನ): ಓರೆಯನ್ನು ನಿಮ್ಮ ಕಕ್ಷೆಯ ತಲವೂ ಗುರಿಕಕ್ಷೆಯ ತಲವೂ ಸಂಧಿಸುವ ಆರೋಹಣ ಅಥವಾ ಅವರೋಹಣ ಬಿಂದುವಿನಲ್ಲಿ ತಿದ್ದಿ. ನಮ್ಮೂರಿನ ಇಸ್ರೊ ಮುಖ್ಯ ನಿಯಂತ್ರಣ ಕೇಂದ್ರದವರೂ ಭೂಸ್ಥಿರ ಉಪಗ್ರಹಗಳ ಎತ್ತರದೊಡನೆ ಓರೆಯನ್ನೂ ಸರಿಪಡಿಸುತ್ತಾರೆ ಎಂಬುದು ನನಗೆ ಬಹಳ ಹೆಮ್ಮೆಯ ವಿಷಯ. ಆಂಟೆನಾ ಮತ್ತು ವಿದ್ಯುತ್ ಉತ್ಪಾದಿಸುವ ಭಾಗ ಇವೆಯೇ ಎಂದೂ ನೋಡಿ. ಕೊನೆಗೆ ಎಂಜಿನ್ ನಿಲ್ಲಿಸಿ ಕೆಲವು ಸೆಕೆಂಡು ಕಾಯಿರಿ.