ಊಟದ ಟೇಬಲ್ ಮೇಲೆ ತೂಗುದೀಪ ಎಷ್ಟು ಎತ್ತರದಲ್ಲಿರಬೇಕು?

ಪ್ರಶ್ನೆ: ಶಿವಮೊಗ್ಗದಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಮುಂದಿನ ವಾರ ಗೋಡೆ ಕೊರೆದು ಪೈಪ್ ಹಾಕುತ್ತಾರೆ. ಕೋಣೆಗೊಂದು ಲೈಟು, ನಡುವೆ ಹಾಕಿದರೆ ಸಾಕು ಅಂತಾರೆ ಮೇಸ್ತ್ರಿ. ಅಮ್ಮನಿಗೆ ಕಣ್ಣು ಸ್ವಲ್ಪ ಮಂಜು. ಅಡುಗೆಮನೆಯಲ್ಲಿ ಅವರಿಗೆ ಚೆನ್ನಾಗಿ ಕಾಣಬೇಕು, ನನಗೆ ಅದೇ ಮುಖ್ಯ. ಊಟದ ಟೇಬಲ್ ಮೇಲೆ ತೂಗುದೀಪವೂ ಬೇಕು. ಎಷ್ಟು ಎತ್ತರ?

ಉತ್ತರ 1: ವೈರಿಂಗ್ ಕೆಲಸ ಮಾಡುವವನು ನಾನು. ಅಡುಗೆಮನೆಗೆ ನಡುವಿನ ಒಂದೇ ಲೈಟು ಬೇಡವೇ ಬೇಡ. ಕಟ್ಟೆಯ ಕಡೆ ತಿರುಗಿ ನಿಂತರೆ ಬೆಳಕು ಬೆನ್ನಿಗೆ ಬೀಳುತ್ತದೆ, ತರಕಾರಿ ಹೆಚ್ಚುವ ಜಾಗದಲ್ಲಿ ಅಮ್ಮನದೇ ನೆರಳು. ಮೇಲಿನ ಕಪಾಟಿನ ತಳಕ್ಕೆ, ಮುಂದಿನ ಅಂಚಿನ ಹತ್ತಿರ ಎಲ್‌ಇಡಿ ಪಟ್ಟಿ ಹಾಕಿಸಿ. ಕಪಾಟು ಆಮೇಲೆ ಬಂದರೂ ಪರವಾಗಿಲ್ಲ, ವೈರು ಈಗಲೇ ಎಳೆಸಿಡಿ. ಬೆಳಕಿನ ಬಣ್ಣ 4000 ಕೆಲ್ವಿನ್ (ತೀರಾ ಹಳದಿಯೂ ಅಲ್ಲ, ನೀಲಿಯೂ ಅಲ್ಲದ ಬಿಳಿ) ಇದ್ದರೆ ಅಕ್ಕಿಯಲ್ಲಿನ ಕಲ್ಲೂ ಕಾಣುತ್ತದೆ.

ತೂಗುದೀಪದ ತಳ ಟೇಬಲ್‌ನಿಂದ 30ರಿಂದ 36 ಇಂಚು ಮೇಲಿರಲಿ. ಎದುರು ಕೂತವರ ಮುಖ ಮರೆಯಾಗಬಾರದು ಅಲ್ವಾ? ಪಾಯಿಂಟ್ ಕೋಣೆಯ ನಡುವೆ ಅಲ್ಲ, ಟೇಬಲ್ ನಡುವೆ ಬರಬೇಕು. ಟೇಬಲ್ ಎಲ್ಲಿ ಅಂತ ಮೊದಲು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ.

ಉತ್ತರ 2: ಫ್ಯಾನ್ ರೆಕ್ಕೆಗಳ ಮೇಲ್ಗಡೆ ಸೀಲಿಂಗ್ ಲೈಟು ಹಾಕಿಸಬೇಡಿ. ಫ್ಯಾನ್ ತಿರುಗಿದಾಗ ಬೆಳಕು ಮಿಣುಕುತ್ತದೆ, ತಲೆನೋವು ಬರುತ್ತದೆ.

ಉತ್ತರ 3: ಅಮ್ಮನ ಕೋಣೆಯ ಲೈಟಿಗೆ ಟೂ-ವೇ ಸ್ವಿಚ್ ಹಾಕಿಸಿ, ಒಂದು ಬಾಗಿಲ ಹತ್ತಿರ, ಇನ್ನೊಂದು ಮಂಚದ ಪಕ್ಕ. ಬಚ್ಚಲಿಗೆ ಹೋಗುವ ದಾರಿಯಲ್ಲಿ ಮೊಣಕಾಲಿಗಿಂತ ಕೆಳಗೆ ಸಣ್ಣ ದೀಪ ಇರಲಿ.

ಪ್ರಶ್ನೆ ಕೇಳಿದವರು: ತುಂಬಾ ಉಪಕಾರವಾಯಿತು. ನಾಳೆ ಮೇಸ್ತ್ರಿ ಬಂದಾಗ ಸೀಮೆಸುಣ್ಣ ಹಿಡಿದು ನಿಲ್ಲುತ್ತೇನೆ.