ಪುಟ್ಟಿಯ ಪಿಯಾನೋ ಪಾಠದ ಬಗ್ಗೆ ಅತ್ತಿಗೆಗೆ ಉತ್ತರ

ಅತ್ತಿಗೆ, ನಮಸ್ಕಾರ. ಪುಟ್ಟಿ ಆರು ತಿಂಗಳಿನಿಂದ ನನ್ನ ಬಳಿ ಪಿಯಾನೋ ಕಲಿಯುತ್ತಿದ್ದರೂ ಇನ್ನೂ ಪುಸ್ತಕ ತೆರೆದಿಲ್ಲ, ಅವಳ ಜೊತೆಯವರು ಆಗಲೇ ಪಿಯಾನೋ ಪರೀಕ್ಷೆಯ ಒಂದನೇ ಗ್ರೇಡ್‌ಗೆ ಕಟ್ಟಿದ್ದಾರೆ, ಹೀಗಾದರೆ ಹೇಗೆ ಎಂದು ನಿನ್ನೆ ಗುಂಪಿನಲ್ಲಿ ಕೇಳಿದ್ದಿರಿ. ತಾಯಿಯಾಗಿ ನೀವು ಕೇಳಬೇಕಾದ ಪ್ರಶ್ನೆಯೇ ಅದು. ಉತ್ತರ ಸ್ವಲ್ಪ ಉದ್ದವಾಗುತ್ತದೆ, ಬಿಡುವಾದಾಗ ಕೇಳಿಸಿಕೊಳ್ಳಿ.

ಪಿಯಾನೋದ 88 ಕೀಗಳಲ್ಲಿ 52 ಬಿಳಿ, 36 ಕಪ್ಪು. ಕಪ್ಪು ಕೀಗಳು ಎರಡು, ಮೂರರ ಗುಂಪುಗಳಾಗಿರುವುದರಿಂದ ಕಣ್ಣು ಮುಚ್ಚಿದರೂ ಬೆರಳಿಗೆ ದಾರಿ ಸಿಗುತ್ತದೆ. ಮೂರರ ಗುಂಪಿನ ಎಡತುದಿಯ ಕೀಯನ್ನು ಷಡ್ಜವೆಂದು, ಅಂದರೆ ಮೂಲ ಸ್ವರ ‘ಸ’ ಎಂದು ಹಿಡಿದರೆ ಆ ಕಪ್ಪು ಕೀಗಳಲ್ಲೇ ಮೋಹನ ರಾಗದ ಐದೂ ಸ್ವರಗಳಿವೆ. ನಾನು ಮಂದ್ರದಲ್ಲಿ, ಅಂದರೆ ಕೆಳಗಿನ ಸ್ಥಾಯಿಯಲ್ಲಿ, ಷಡ್ಜ ಪಂಚಮಗಳನ್ನು (ಸ, ಪ) ತಂಬೂರಿಯಂತೆ ನುಡಿಸುತ್ತಾ ಕೂರುತ್ತೇನೆ. ಅವಳು ಮೇಲೆ ತನಗೆ ತೋಚಿದ್ದನ್ನು ನುಡಿಸುತ್ತಾಳೆ. ಮೊದಮೊದಲು ತೋರುಬೆರಳಿನಿಂದ ಒಂದೊಂದೇ ಕೀ ಕುಟ್ಟುತ್ತಿದ್ದವಳು, ಕಳೆದ ವಾರ ಗಾಂಧಾರದಿಂದ (ಗ) ಪಂಚಮಕ್ಕೆ ಹೋಗಿ, ಅಲ್ಲಿ ಒಂದು ಕ್ಷಣ ನಿಂತು, ನನ್ನ ಮುಖವನ್ನೂ ನೋಡದೆ ಷಡ್ಜಕ್ಕೆ ಇಳಿದು ಮುಗಿಸಿದಳು. ಅಲ್ಲಿ ಮುಗಿಸಬೇಕೆಂದು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನನ್ನ ಪಾಠಕ್ಕೆ ಹಂತಗಳಿವೆ, ತಿಂಗಳ ಲೆಕ್ಕವಿಲ್ಲ. ಮೊದಲು ಕೇಳಿ ನುಡಿಸುವುದು, ಆಮೇಲೆ ಅದನ್ನೇ ಬಾಯಲ್ಲಿ ಹಾಡುವುದು, ಎಡಗೈ ತಾಳ ಬಿಡದಂತೆ ಬಲಗೈಯನ್ನು ಓಡಿಸುವುದು, ಬಳಿಕವೇ ಬರೆಯುವುದು ಮತ್ತು ಓದುವುದು. ಪ್ರತಿ ಹಂತದಲ್ಲೂ ಯಾವ ಹಾಡು ಬೇಕೆಂದು ಆರಿಸುವುದು ಮಗುವಿಗೆ ಬಿಟ್ಟದ್ದು. ಹಂಗೇರಿಯ ಸಂಗೀತ ಸಂಯೋಜಕ ಜೋಲ್ತಾನ್ ಕೊಡಾಯ್ (1882–1967) ಕೂಡ ಹಾಡುವುದನ್ನೇ ಸಂಗೀತ ಶಿಕ್ಷಣದ ಅಡಿಪಾಯವಾಗಿಟ್ಟು, ಲಿಪಿಯನ್ನು ಅದರ ನಂತರ ತಂದರು. ನಮ್ಮ ಕರ್ನಾಟಕ ಸಂಗೀತದ ಸರಳೆ, ಜಂಟಿ, ಅಲಂಕಾರ, ಗೀತೆಗಳ ಕ್ರಮವೂ ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಬಂದದ್ದೇ ಅಲ್ಲವೇ.

ನನಗೆ ಈ ಹಟ ಏಕೆಂದರೆ, ನಾನು ಐದನೇ ಗ್ರೇಡ್ ಮುಗಿಸಿದ ವರ್ಷದ ಹುತ್ತರಿ ಹಬ್ಬದಲ್ಲಿ ಹಿರಿಯರು ದುಡಿ ಬಡಿಯುತ್ತಾ ಹಾಡುತ್ತಿದ್ದಾಗ, ನೀನೂ ನುಡಿಸಮ್ಮಾ ಎಂದು ನನ್ನನ್ನು ಕರೆದರು. ಮುಂದೆ ಪುಸ್ತಕವಿರಲಿಲ್ಲ, ನಾಲ್ಕು ಸ್ವರ ಕೂಡಿಸಲೂ ನನ್ನಿಂದಾಗಲಿಲ್ಲ. ಪರೀಕ್ಷೆಯ ಪಾಠಗಳನ್ನಷ್ಟೇ ವರ್ಷವಿಡೀ ತಿದ್ದಿಸಿದ ಕಲಿಕೆ ಅದು. ಆ ಸಂಜೆಯನ್ನು ನಾನು ಮರೆತಿಲ್ಲ.

ಹಾಗೆಂದು ಗ್ರೇಡ್ ಪರೀಕ್ಷೆ ಬೇಡವೆನ್ನುತ್ತಿಲ್ಲ. ಈ ಪರೀಕ್ಷೆ ನಡೆಸುವ ಬ್ರಿಟನ್ನಿನ ಸಂಸ್ಥೆಗಳಾದ ಟ್ರಿನಿಟಿಯಲ್ಲಾಗಲಿ ಎಬಿಆರ್‌ಎಸ್‌ಎಂನಲ್ಲಾಗಲಿ 8 ಗ್ರೇಡ್‌ಗಳಿದ್ದರೂ ಒಂದನೆಯದರಿಂದಲೇ ಆರಂಭಿಸಬೇಕೆಂಬ ನಿಯಮವಿಲ್ಲ. ಅವಳು ಸಿದ್ಧಳಾದಾಗ ನೇರವಾಗಿ ಎರಡನೆಯದಕ್ಕೋ ಮೂರನೆಯದಕ್ಕೋ ಕೂರಬಹುದು. ಮುಂದಿನ ವಾರದಿಂದ ಐದು ಗೆರೆಗಳ ಸ್ವರಲಿಪಿ ಆರಂಭಿಸುತ್ತೇನೆ, ಮೊದಲು ಬರೆಯುವುದು ಅವಳೇ ಕಟ್ಟಿದ ಆ ಮೋಹನದ ತುಣುಕನ್ನು. ಮನೆಯಲ್ಲಿರುವ 61 ಕೀಯ ಕೀಬೋರ್ಡ್ ಸದ್ಯಕ್ಕೆ ಸಾಕು, ಈಗಲೇ ಪಿಯಾನೋಗೆ ಹಣ ಹಾಕಬೇಡಿ. ಮಡಿಕೇರಿಯ ಮಳೆಗಾಲದ ತೇವಕ್ಕೆ ಮರ ಉಬ್ಬಿ ನನ್ನದರ ಕೀಗಳೇ ಸಿಕ್ಕಿಕೊಳ್ಳುತ್ತವೆ. ಶನಿವಾರ ಅವಳನ್ನು ಬಿಟ್ಟು ಹಾಗೇ ಹಿಂದಿರುಗದೆ ಒಳಗೆ ಬಂದು ಕುಳಿತುಕೊಳ್ಳಿ ಅತ್ತಿಗೆ, ಅವಳು ನುಡಿಸುವುದನ್ನು ನೀವೇ ಕೇಳಿ.