ಭಾಂಡೆ-ಬಟ್ಟಿ ವಿಭಾಗ ಬಂದ್ ಆಗತಾವಂತ: ಮನಿ ಗುಂಪಿನ್ಯಾಗ ಒಂದು ಮಧ್ಯಾಹ್ನ

ದೊಡ್ಡಪ್ಪ (ಫಾರ್ವರ್ಡ್): ⚠️ ಎಚ್ಚರ! ಸೂಪರ್‌ಸ್ಟೋರ್‌ಗಳು ಪಾತ್ರೆ, ಬಟ್ಟೆ, ಆಟಿಕೆ ವಿಭಾಗ ಸಂಪೂರ್ಣ ಬಂದ್ ಮಾಡಲಿವೆ!! ಟೆಸ್ಕೊ ಈಗಾಗಲೇ ಮುಚ್ಚಿದೆ. ಮುಂದಿನ ಸರದಿ ಭಾರತ. 10 ಜನರಿಗೆ ಕಳಿಸಿ 🙏

ದೊಡ್ಡಪ್ಪ: ನಾ ಮೊದಲಽ ಹೇಳಿದ್ದೆ. ಕುಂತಲ್ಲೇ ಮೊಬೈಲಿನ್ಯಾಗ ತರಿಸಿದ್ರ ಅಂಗಡಿ ಉಳಿತಾವೇನು? ಕಣ್ಣಿಲೆ ನೋಡಿ, ಕೈಲೆ ಮುಟ್ಟಿ ತಗೊಳ್ಳೂ ಪದ್ಧತಿನಽ ಹೋತು.

ಸಂತೋಷ: ದೊಡ್ಡಪ್ಪ, ಇದು ಎಲ್ಲಿಂದ ಬಂತ್ರಿ? ಟೆಸ್ಕೊ 2018ರ ಜುಲೈನ್ಯಾಗ ಮುಚ್ಚಿದ್ದು ಟೆಸ್ಕೊ ಡೈರೆಕ್ಟ್ ಅನ್ನೂ ಆನ್‌ಲೈನ್ ತಾಣ. ಅಂಗಡ್ಯಾಗಿನ ವಿಭಾಗ ಅಲ್ಲ. ಅದೂ ಬ್ರಿಟನ್‌ನಾಗ.

ದೊಡ್ಡಪ್ಪ: ಹಿರೇರು ಏನ್ ಹಾಕಿದ್ರೂ ನಿನಗ ಪುರಾವಿ ಬೇಕು. ಹೊಲದ ಪಹಣಿ ವಿಚಾರದಾಗೂ ಹಿಂಗಽ ಮಾಡಿದಿ.

ಸಂತೋಷ: ಪಹಣಿ ಇಲ್ಲ್ಯಾಕ ತರತೀರಿ?

ಗದಗ ಚಿಗವ್ವ: ಭಾಂಡೆ ಅಂದ್ರ ಹುಬ್ಬಳ್ಳಿ ದುರ್ಗದಬೈಲ್ ಬಿಡ್ರಿ. ಆ ಅಂಗಡಿ ಸಾಲು, ಆಮ್ಯಾಲೆ ಗಿರಮಿಟ್, ಮಿರ್ಚಿ 😋

ಶಿಲ್ಪಾ: ಸುದ್ದಿ ತಪ್ಪೈತಿ, ಆದ್ರ ಅದರ ಹಿಂದಿರೂ ಸಂಗತಿ ಖರೇ ಐತಿ. ಡಿಮಾರ್ಟ್ ಲೆಕ್ಕ ನೋಡ್ರಿ. ಒಟ್ಟು ಮಾರಾಟದಾಗ ಬಟ್ಟಿ ಮತ್ತು ಭಾಂಡೆ, ಆಟಿಕೆಯಂಥ ಇತರೆ ಸಾಮಾನಿನ ಪಾಲು 2019-20ರಾಗ ಸುಮಾರು 27% ಇತ್ತು, 2022-23ಕ್ಕ 23% ಆತು.

ಸಂತೋಷ: ಪಾಲು ಇಳಿದ್ರ ಮಾರಾಟ ಇಳಿದಂಗ ಅಲ್ಲಕ್ಕಾ. ಒಟ್ಟು ಮಾರಾಟ ಸುಮಾರು 24,700 ಕೋಟಿಯಿಂದ 41,800 ಕೋಟಿಗೆ ಏರೇತಿ. ಅಂದ್ರ ಈ ಸಾಮಾನು 6,700 ಕೋಟಿಯಿಂದ 9,600 ಕೋಟಿ ಆತು.

ಶಿಲ್ಪಾ: ಅಂಗಡಿ 214ರಿಂದ 324 ಆಗ್ಯಾವಲ್ಲ, ಅದರಿಂದ ಭಾಗಸು. ಒಂದಂಗಡಿಗೆ 31 ಕೋಟಿ ಇದ್ದದ್ದು 30ರ ಒಳಗ ಬಂತು. ಮೂರು ವರ್ಷದ ಬೆಲೆ ಏರಿಕಿ ಸೇರಿಸಿದ್ರ ಇನ್ನೂ ಕಡಿಮಿ.

ದೊಡ್ಡಪ್ಪ: ಅಂದ್ರ ನಾ ಹೇಳಿದ್ದು ಖರೇ ಆತು.

ಸಂತೋಷ: ನೀವು "ಬಂದ್" ಅಂತ ಹಾಕೀರಿ ದೊಡ್ಡಪ್ಪ.

ಶಿಲ್ಪಾ: ಕಿರಾಣಿ ಗಿರಾಕಿನ್ನ ಕರೀತೈತಿ, ಭಾಂಡೆ-ಬಟ್ಟಿ ಲಾಭ ಕೊಡತೈತಿ, ಇದು ಈ ಅಂಗಡಿಗಳ ಮೂಲ ಲೆಕ್ಕ. ಉದಾಹರಣಿಗೆ ಬ್ಯಾಳಿಗೆ 100 ರೂಪಾಯಿ ಹಾಕಿದ್ರ 8 ಉಳೀತೈತಿ, ವರ್ಷಕ್ಕ 20 ಸಲ ತಿರಗತೈತಿ, ಅಂದ್ರ ಮಾಲು ಮಾರಿ ಬಂದ ರೊಕ್ಕ ಮತ್ತ ಮಾಲಿಗೆ ಹಾಕತಾರ: 160. ಭಾಂಡೆಗೆ 100ಕ್ಕ 30 ಉಳೀತೈತಿ, 6 ಸಲ ತಿರಗಿದ್ರ 180. ತಿರುವು 4ಕ್ಕ ಇಳಿದ್ರ 120! ಒಂದು ನಗಕ್ಕ ಸಿಗೂ ಲಾಭ ಅಷ್ಟಽ ಐತಿ, ಆದ್ರ ಆ ರ್‍ಯಾಕಿನ ಜಾಗ ಬ್ಯಾಳಿ ಕೇಳಾಕ ಹತ್ತತೈತಿ.

ಶಿಲ್ಪಾ: ಬಟ್ಟ್ಯಾಗ ಇನ್ನೂ ಕಠಿಣ. ಶರ್ಟಿನ ಸೆಟ್ ಅಂದ್ರ 6 ನಗ ಹಿಡಿ: 38 ಒಂದು, 40 ಎರಡು, 42 ಎರಡು, 44 ಒಂದು. ಒಂದು ನಗ 280ಕ್ಕ ತಂದು 400ಕ್ಕ ಮಾರತಾರ. ನಡುವಿನ ನಾಕು ಮೊದಲ ಹೋಗತಾವ, 1,600 ಬಂತು. ಹಾಕಿದ್ದು 1,680. ನಾಕು ಮಾರಿದ್ರೂ ಅಸಲು ಬಂದಿಲ್ಲ! ಪೂರೈಕೆದಾರ ಬರೇ 40, 42 ಕೊಡೂದಿಲ್ಲ, ಸೆಟ್ಟಽ ತಗೋಬೇಕು. ಉಳದ ಸೈಜಿಗೆ ರಿಯಾಯಿತಿ ಚೀಟಿ ಹಚ್ಚತಾರ, ಹೊಸ ಮಾಲಿಗೆ ಜಾಗ ಇರೂದಿಲ್ಲ.

ಗದಗ ಚಿಗವ್ವ: ಅದಕ್ಕಽ ನಿಮ್ಮ ಕಾಕಾಗ ಸೈಜ್ ಸಿಗೂದಿಲ್ಲೇನು!

ಸಂತೋಷ: ಆದ್ರ ಆನ್‌ಲೈನಿನ ಪಾತ್ರ ಎಷ್ಟು?

ಶಿಲ್ಪಾ: ಎಲ್ಲಾದಕ್ಕೂ ಒಂದಽ ಅಲ್ಲ. ಮಿಕ್ಸರ್, ಇಸ್ತ್ರಿ ಪೆಟ್ಟಿಗಿ ಮೊದಲ ಹೋದವು. ಡಬ್ಬಿ ಮ್ಯಾಲೆ ಮಾಡೆಲ್ ನಂಬರ್ ಇರತೈತಿ, ಅಂಗಡ್ಯಾಗ ನಿಂತಽ ರೇಟ್ ಹೋಲಿಸತಾರ. ಬಕೆಟ್, ಟಬ್ಬು ಹೋಗಿಲ್ಲ. 150 ರೂಪಾಯಿ ಬಕೆಟ್ಟಿಗೆ ಕೊರಿಯರ್ ಖರ್ಚು ತಾಳೂದಿಲ್ಲ, ಗಾಡ್ಯಾಗ ಜಾಗ ಬಾಳ ತಿಂತೈತಿ. ಹಂಗಾಗಿ ವಿಭಾಗ ಮುಚ್ಚೂದಿಲ್ಲ, ತುಟ್ಟಿ ಸಾಮಾನು ಹೋಗಿ ಬಕೆಟ್ಟು, ಕಾಲೊರಸು, ಡಬ್ಬಿ ಉಳೀತಾವ. ಕಿರಾಣಿ ಅಗ್ಗ ಕೊಡಾಕ ಆಸರಾಗಿದ್ದ ಲಾಭ ಕರಗತೈತಿ. ನನಗ ಚಿಂತಿ ಇರೂದು ಅದರ ಬಗ್ಗೆ.

ದೊಡ್ಡಪ್ಪ: ಇಷ್ಟು ಉದ್ದ ಯಾರು ಓದತಾರವ್ವಾ. ಗುಂಪಿನ್ಯಾಗ ಮಂದಿಗೆ ಎಚ್ಚರಿಕಿ ಕೊಡೂದಷ್ಟಽ ನನ್ನ ಕೆಲಸ.

ಗದಗ ಚಿಗವ್ವ: ಶಿಲ್ಪಾ, ಮದುವಿಗೆ ಹಂಚಾಕ 101 ಸ್ಟೀಲ್ ಡಬ್ಬಿ ಬೇಕಲ್ಲ. ದೊಡ್ಡ ಸ್ಟೋರಿಗೆ ಹೋಗೂದೋ ಬ್ಯಾಡೋ?

ಶಿಲ್ಪಾ: ಭಾಂಡೆ ಅಂಗಡಿಗೇ ಹೋಗು ಚಿಗವ್ವ. ಸ್ಟೋರಿನ್ಯಾಗ ಒಂದಽ ನಮೂನಿ 101 ರ್‍ಯಾಕಿನ್ಯಾಗ ಇಡೂದಿಲ್ಲ, ಹೆಸರೂ ಕೆತ್ತಿ ಕೊಡೂದಿಲ್ಲ. ಕಿಲೋ ಲೆಕ್ಕದಾಗ ರೇಟ್ ಕೇಳು, ಒಂದು ಡಬ್ಬಿ ತೂಕಾ ಮಾಡಿ ನೋಡು. ತೀರಾ ಹಗರ ಇದ್ದದ್ದು ನೆಗ್ಗತೈತಿ. ಹೆಸರು ಮಾತ್ರ ಹಾಳ್ಯಾಗ ದುಂಡಗ ಬರದು ಕೊಡು.

ದೊಡ್ಡಪ್ಪ: ಬರಿಯೂ ಕೆಲಸ ಸಂತೋಷಗ ಕೊಡಬ್ಯಾಡ್ರಿ. ಹಿಂದಿನ ಮದುವ್ಯಾಗ ಅಕ್ಷರ ತಪ್ಪು ಮಾಡಿದಾವ ಅವನಽ.

ಸಂತೋಷ: ಆ ಚೀಟಿ ನೀವು ಬರದಿದ್ರಿ ದೊಡ್ಡಪ್ಪ. ಫೋಟೋ ಐತಿ, ಹಾಕ್ಲೇನು?